ಜೈಟ್ಸೆವ್ ನಿಯಮ

ಜೈಟ್ಸೆವ್ ನಿಯಮವು ಎಲಿಮಿನೇಷನ್ ಕ್ರಿಯೆಯಲ್ಲಿ ಒಂದಕ್ಕಿಂತ ಹೆಚ್ಚು ಆಲ್ಕೀನುಗಳು ಉಂಟಾಗುವ ಸಾಧ್ಯತೆಯಿರುವಾಗ, ಅವುಗಳಲ್ಲಿ ಯಾವುದು ಅಧಿಕ ಪ್ರಮಾಣದಲ್ಲಿ ದೊರೆಯುತ್ತದೆಂಬುದನ್ನು ಊಹಿಸಲು ನೆರವಾಗುವ ಸಾವಯವ ರಸಾಯನಶಾಸ್ತ್ರದ ನಿಯಮ. ಇದರ ಪ್ರಕಾರ, ದ್ವಿಬಂಧದ ಇಂಗಾಲಗಳಿಗೆ ಹೆಚ್ಚು ಆಲ್ಕೈಲ್ ಗುಂಪುಗಳು ಸೇರಿರುವ ಆಲ್ಕೀನೇ ಮುಖ್ಯ ಉತ್ಪನ್ನ.

ಇತಿಹಾಸ

ರಷ್ಯಾದ ಕಜಾನ್ ವಿಶ್ವವಿದ್ಯಾನಿಲಯದ ರಸಾಯನವಿಜ್ಞಾನಿ ಅಲೆಕ್ಸಾಂಡರ್ ಜೈಟ್ಸೆವ್ (1841–1910) ಈ ನಿಯಮವನ್ನು 1875ರಲ್ಲಿ ಪ್ರಕಟಿಸಿದರು. ಹ್ಯಾಲೊಜನ್ ಹೊತ್ತ ಇಂಗಾಲದ ನೆರೆಯ ಇಂಗಾಲಗಳ ಪೈಕಿ, ಕಡಿಮೆ ಜಲಜನಕ ಪರಮಾಣುಗಳಿರುವ ಇಂಗಾಲದಿಂದಲೇ ಜಲಜನಕವು ಹೆಚ್ಚಾಗಿ ಹೊರಹೋಗುತ್ತದೆ ಎಂಬುದು ಅದರ ಸಾರ.

ಉದಾಹರಣೆ

2-ಬ್ರೋಮೋಬ್ಯೂಟೇನನ್ನು ಸೋಡಿಯಂ ಈಥಾಕ್ಸೈಡಿನೊಡನೆ ಕಾಯಿಸಿದಾಗ ಹೈಡ್ರೋಜನ್ ಬ್ರೋಮೈಡ್ ಬೇರ್ಪಡುತ್ತದೆ. ಮೊದಲನೆಯ ಇಂಗಾಲದಲ್ಲಿ ಮೂರು, ಮೂರನೆಯದರಲ್ಲಿ ಎರಡು ಜಲಜನಕಗಳಿವೆ. ಕೇವಲ ಸಂಖ್ಯೆಯೇ ನಿರ್ಣಾಯಕವಾಗಿದ್ದರೆ 1-ಬ್ಯೂಟೀನ್ ಹೆಚ್ಚಾಗಬೇಕಿತ್ತು. ಆದರೆ ಉತ್ಪನ್ನದಲ್ಲಿ ಸುಮಾರು ಶೇ. 80ರಷ್ಟು 2-ಬ್ಯೂಟೀನ್ ಇರುತ್ತದೆ. ಅದರಲ್ಲಿಯೂ ಟ್ರಾನ್ಸ್ ರೂಪವೇ ಅಧಿಕ.

ಕಾರಣ

ಆಲ್ಕೈಲ್ ಗುಂಪುಗಳು ದ್ವಿಬಂಧಕ್ಕೆ ಸ್ಥಿರತೆಯನ್ನು ನೀಡುತ್ತವೆ. ಕ್ರಿಯೆಯ ಸಂಕ್ರಮಣ ಸ್ಥಿತಿಯಲ್ಲಿಯೇ ದ್ವಿಬಂಧವು ಭಾಗಶಃ ರೂಪುಗೊಂಡಿರುವುದರಿಂದ, ಸ್ಥಿರವಾದ ಆಲ್ಕೀನಿನತ್ತ ಸಾಗುವ ಮಾರ್ಗಕ್ಕೆ ಕಡಿಮೆ ಶಕ್ತಿ ಸಾಕಾಗುತ್ತದೆ. ಆ ಮಾರ್ಗವೇ ವೇಗವಾಗಿ ನಡೆಯುತ್ತದೆ.

ಅಪವಾದಗಳು

* ಗಾತ್ರದಲ್ಲಿ ದೊಡ್ಡದಾದ ಪ್ರತ್ಯಾಮ್ಲ: 2-ಬ್ರೋಮೋ-2-ಮೀಥೈಲ್‌ಬ್ಯೂಟೇನ್ ಈಥಾಕ್ಸೈಡಿನೊಡನೆ ಸುಮಾರು ಶೇ. 70ರಷ್ಟು 2-ಮೀಥೈಲ್-2-ಬ್ಯೂಟೀನನ್ನು ಕೊಡುತ್ತದೆ. ಪೊಟ್ಯಾಸಿಯಂ ಟರ್ಟ್-ಬ್ಯೂಟಾಕ್ಸೈಡ್ ಬಳಸಿದರೆ ಅದೇ ಉತ್ಪನ್ನ ಶೇ. 30ರ ಆಸುಪಾಸಿಗೆ ಇಳಿಯುತ್ತದೆ. ದೊಡ್ಡ ಪ್ರತ್ಯಾಮ್ಲವು ಒಳಗಿನ ಜಲಜನಕವನ್ನು ಸುಲಭವಾಗಿ ತಲುಪಲಾರದು. ತುದಿಯ ಜಲಜನಕವನ್ನು ಸೆಳೆಯುತ್ತದೆ.
* ಹಾಫ್‌ಮನ್ ಎಲಿಮಿನೇಷನ್: ಬೇರ್ಪಡುವ ಗುಂಪು ಟ್ರೈಮೀಥೈಲ್ ಅಮೋನಿಯಂ ಆಗಿದ್ದರೆ ಕಡಿಮೆ ಆಲ್ಕೈಲ್ ಗುಂಪುಗಳ ಆಲ್ಕೀನ್ ಮುಖ್ಯ ಉತ್ಪನ್ನವಾಗುತ್ತದೆ.
* ಅಣುವಿನ ಆಕಾರ: ಇ2 ಕ್ರಿಯೆಯಲ್ಲಿ ಜಲಜನಕವೂ ಬೇರ್ಪಡುವ ಗುಂಪೂ ಸಾಮಾನ್ಯವಾಗಿ ವಿರುದ್ಧ ದಿಕ್ಕಿಗೆ ಮುಖಮಾಡಿರಬೇಕು. ಮೆಂಥೈಲ್ ಕ್ಲೋರೈಡಿನಲ್ಲಿ ಅಂಥ ಜಲಜನಕವು ಒಂದೇ ಕಡೆಯಲ್ಲಿದೆ. ಆದುದರಿಂದ ಈಥಾಕ್ಸೈಡಿನೊಡನೆ ನಿಯಮಕ್ಕೆ ವಿರುದ್ಧವಾದ 2-ಮೆಂಥೀನ್ ಮಾತ್ರ ದೊರೆಯುತ್ತದೆ. ಅದರ ಸಮಾಂಗಿಯಾದ ನಿಯೋಮೆಂಥೈಲ್ ಕ್ಲೋರೈಡಿನಲ್ಲಿ ಎರಡೂ ಕಡೆ ಅವಕಾಶವಿರುವುದರಿಂದ ನಿಯಮದಂತೆ 3-ಮೆಂಥೀನ್ ಮುಖ್ಯವಾಗುತ್ತದೆ.

ಊಹಿಸುವ ಕ್ರಮ

ಮೊದಲು ಬೇರ್ಪಡುವ ಗುಂಪನ್ನು ಗುರುತಿಸಿ, ಅದರ ನೆರೆಯ ಇಂಗಾಲಗಳಲ್ಲಿರುವ ಜಲಜನಕಗಳನ್ನು ಪಟ್ಟಿಮಾಡಬೇಕು. ಬಳಿಕ ಇ2 ಕ್ರಿಯೆಯಾದರೆ ಯಾವ ಜಲಜನಕಗಳು ಯೋಗ್ಯ ದಿಕ್ಕಿನಲ್ಲಿವೆಯೆಂದು ನೋಡಬೇಕು. ಅನಂತರ ಪ್ರತ್ಯಾಮ್ಲದ ಗಾತ್ರವನ್ನೂ ಬೇರ್ಪಡುವ ಗುಂಪಿನ ಸ್ವರೂಪವನ್ನೂ ಪರಿಶೀಲಿಸಬೇಕು. ಇವು ಯಾವುವೂ ಅಡ್ಡಿಯಾಗದಿದ್ದಲ್ಲಿ ಮಾತ್ರ ಜೈಟ್ಸೆವ್ ನಿಯಮವನ್ನು ಅನ್ವಯಿಸಬಹುದು.