ನಿಮಗಿದು ಗೊತ್ತೆ? ಒಬ್ಬರಿಗೆ ಬ್ರಾಹ್ಮಿ, ಇನ್ನೊಬ್ಬರಿಗೆ ಬರೀ ಚೌಕ!

ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲಿರುವ ಅಶೋಕನ ಹೆಸರನ್ನು ಜಾಲತಾಣದಲ್ಲಿ ಬ್ರಾಹ್ಮಿ ಲಿಪಿಯಲ್ಲೇ ಹಾಕಿದರೆ ಒಂದು ಕಂಪ್ಯೂಟರಿನಲ್ಲಿ ಅಕ್ಷರ ಕಾಣುತ್ತದೆ, ಇನ್ನೊಂದರಲ್ಲಿ ಖಾಲಿ ಚೌಕಗಳ ಸಾಲು!

ಜಾಲತಾಣದಿಂದ ಸಾಮಾನ್ಯವಾಗಿ ಬರುವುದು ಅಕ್ಷರದ ಆಕಾರವಲ್ಲ, ಅದರ ಸಂಕೇತಸಂಖ್ಯೆ. ಆಕಾರ ಕೊಡುವುದು ಓದುವವರ ಕಂಪ್ಯೂಟರಿನಲ್ಲಿರುವ ಫಾಂಟ್. ಅದಿಲ್ಲದಿದ್ದರೆ ಚೌಕವೇ ಗತಿ.

ಇಂಥ ಸಂಕೇತಸಂಖ್ಯೆಗಳ ಜಾಗತಿಕ ಪಟ್ಟಿಯಾದ ಯೂನಿಕೋಡ್‌ನಲ್ಲಿ ಕನ್ನಡ ಅಕ್ಷರಗಳಿಗೆ 1991ರಲ್ಲೇ ಸಂಖ್ಯೆ ಸಿಕ್ಕಿತು. ಕನ್ನಡ ಲಿಪಿಯ ಮೂಲವಾದ ಬ್ರಾಹ್ಮಿ ಮಾತ್ರ 2010ರವರೆಗೆ ಕಾಯಬೇಕಾಯಿತು! ಅದಕ್ಕೂ ಹಿಂದಿನ ಕಂಪ್ಯೂಟರುಗಳಿಗೆ ಈ ಸಂಖ್ಯೆಗಳ ಪರಿಚಯವೇ ಇಲ್ಲ.

‘ನೋಟೊ ಸಾನ್ಸ್ ಬ್ರಾಹ್ಮಿ’ ಎಂಬ ಉಚಿತ ಫಾಂಟ್ ಹಾಕಿಕೊಂಡರೆ ಚೌಕಗಳ ಜಾಗದಲ್ಲಿ ಅಕ್ಷರಗಳು ಮೂಡುತ್ತವೆ. ರಾಯಚೂರು ಜಿಲ್ಲೆಯ ಶಾಲಾ ಕಂಪ್ಯೂಟರುಗಳಲ್ಲಂತೂ ಅದು ಇರಲೇಬೇಕು.