ಹಾರ್ಮೋನಿಯಂ ಮೇಷ್ಟ್ರ ರಾತ್ರಿಶಾಲೆ

ಸುಗ್ಗಿ ಮುಗಿದು ಬಿಸಿಲು ಏರುವ ಹೊತ್ತಿಗೆ ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಗೋಡೆಗಳ ಮೇಲೆ ಒಂದು ಬಗೆಯ ಪೋಸ್ಟರು ಕಾಣಿಸಿಕೊಳ್ಳುತ್ತದೆ. ತುದಿಯಲ್ಲಿ ಊರದೇವರ ಹೆಸರು, ಅದರ ಜೊತೆಗೇ ‘ಕೃಪಾಪೋಷಿತ ನಾಟಕ ಮಂಡಳಿ’, ನಟ್ಟನಡುವೆ ದೊಡ್ಡಕ್ಷರದಲ್ಲಿ ‘ಕುರುಕ್ಷೇತ್ರ ಎಂಬ ಸುಂದರ ಪೌರಾಣಿಕ ನಾಟಕ’. ಉಳಿದ ಜಾಗದ ತುಂಬ ಹೆಬ್ಬೆರಳ ಗಾತ್ರದ ಫೋಟೊಗಳು. ದುರ್ಯೋಧನ ತೆಂಗಿನ ತೋಟದವರು, ಕರ್ಣ ವಿದ್ಯುತ್ ಇಲಾಖೆಯ ಲೈನ್‌ಮನ್, ಶಕುನಿ ನಿವೃತ್ತ ಶಿಕ್ಷಕರು, ಸಾತ್ಯಕಿ ಈಗಷ್ಟೇ ಮೀಸೆ ಚಿಗುರಿದ ಐಟಿಐ ಹುಡುಗ. ಎಲ್ಲಕ್ಕಿಂತ ಕೆಳಗೆ ‘ನಿರ್ದೇಶನ ಮತ್ತು ಸಂಗೀತ’ ಎಂಬ ಸಾಲಿನಲ್ಲಿ ಹಾರ್ಮೋನಿಯಂ ಮೇಷ್ಟ್ರ ಹೆಸರು.

ಈ ಬರಹ ಆ ಕೊನೆಯ ಸಾಲಿನವರ ಬಗ್ಗೆ.

ಕಥೆಯನ್ನು ಹಾಡಿ ಹೇಳುವ ನಾಟಕಕ್ಕೆ ಲಂಡನ್ನಿನ ವೆಸ್ಟ್ ಎಂಡ್‌ನಲ್ಲಿ, ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ದೊಡ್ಡ ದೊಡ್ಡ ಥಿಯೇಟರುಗಳಿವೆ. ಅವುಗಳ ಸುತ್ತಮುತ್ತ, ಐವತ್ತು ನೂರು ಜನ ಕೂರುವ ಪುಟ್ಟ ರಂಗಮಂದಿರಗಳಲ್ಲಿ ಹೊಸಬರು, ಹವ್ಯಾಸಿಗಳು ತಮ್ಮ ಸಂಗೀತ ನಾಟಕ ಆಡಿ ನೋಡುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಆ ಕೆಲಸ ಗುಡಿಯ ಮುಂದಿನ ಬಯಲಿನಲ್ಲಿ, ರಾತ್ರಿ ಹತ್ತರಿಂದ ಕೋಳಿ ಕೂಗುವವರೆಗೆ, ಟಿಕೆಟಿಲ್ಲದೆ ನಡೆಯುತ್ತದೆ. ಸಂಗೀತ ನಾಟಕ ಎಂದರೆ ಮಹಾರಾಷ್ಟ್ರದ್ದು, ಕಂಪನಿ ನಾಟಕ ಎಂದರೆ ಮುಗಿದುಹೋದದ್ದು ಎಂದು ತಿಳಿದವರು ಬೇಸಿಗೆಯ ಒಂದು ರಾತ್ರಿಯನ್ನು ಈ ಕಡೆ ಕಳೆಯಬೇಕು.

ಈ ಸೀಮೆಯ ಕಿವಿಗೆ ಕಥೆಯನ್ನು ರಾಗದಲ್ಲಿ ಕೇಳುವ ಅಭ್ಯಾಸ ಹೊಸದಲ್ಲ. ಜೈಮಿನಿ ಭಾರತ ಬರೆದ ಲಕ್ಷ್ಮೀಶನ ಊರು ಕಡೂರು ತಾಲ್ಲೂಕಿನ ದೇವನೂರು. ಅವನ ವಾರ್ಧಕ ಷಟ್ಪದಿಯನ್ನು ಗಮಕಿಗಳು ಹಾಡುತ್ತಿದ್ದರೆ ಜಗಲಿಯ ಮೇಲೆ ಕೂತವರಿಗೆ ಚಂದ್ರಹಾಸ, ಸುಧನ್ವ, ಬಭ್ರುವಾಹನರೆಲ್ಲ ನೆಂಟರಷ್ಟೇ ಪರಿಚಿತರು. ಮುಂದೆ ಇದೇ ಕಥೆಗಳು ಯಕ್ಷಗಾನಕ್ಕೆ, ಕಂಪನಿ ರಂಗಭೂಮಿಗೆ ಹೋದವು. ಬಭ್ರುವಾಹನ 1977ರಲ್ಲಿ ರಾಜ್‌ಕುಮಾರ್ ಚಿತ್ರವೂ ಆದ. ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋದರೆ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಕಟ್ಟಿದ ಅಮೃತೇಶ್ವರ ದೇವಾಲಯವಿದೆ. ಅದರ ಹೊರಗೋಡೆಯ ತೆಂಕಣ ಬದಿಯಲ್ಲಿ ರಾಮಾಯಣದ 70 ಫಲಕಗಳು. ಬಡಗಣ ಬದಿಯಲ್ಲಿ ಕೃಷ್ಣನ ಬಾಲ್ಯದ 25, ಮಹಾಭಾರತದ 45. ಒಂದೊಂದು ಫಲಕವೂ ಒಂದು ದೃಶ್ಯ. ಪಾತ್ರಗಳು ನಿಂತ ಭಂಗಿ, ಕೈ ಎತ್ತಿದ ರೀತಿ, ಎದುರುಬದುರಾದ ಬಗೆ ಎಲ್ಲವೂ ರಂಗದ ಮೇಲಿನವರದೇ. ಇನ್ನು ಭಾಗವತರ ಪದ, ಮದ್ದಳೆ, ಮುಖವೀಣೆಯ ಮೂಡಲಪಾಯ ಯಕ್ಷಗಾನ ಬಯಲುಸೀಮೆಯದೇ ಸೊತ್ತು. ‘ಕರಿಬಂಟನ ಕಾಳಗ’ ನೋಡಿ ಬೆಳೆದವರ ಮೊಮ್ಮಕ್ಕಳು ಇವತ್ತು ಕುರುಕ್ಷೇತ್ರ ಆಡುತ್ತಿದ್ದಾರೆ.

ನಡುವೆ ಬಂದದ್ದು ಕಂಪನಿ. ಪಾರ್ಸಿ ಮತ್ತು ಮರಾಠಿ ತಂಡಗಳ ಹಾಡು, ಪರದೆ, ಬೆಳಕಿನ ವೈಭವ ಕಂಡು ಮೈಸೂರು ಸೀಮೆಯಲ್ಲಿ ನಾಟಕ ಮಂಡಳಿಗಳು ಹುಟ್ಟಿದವು. ಎ.ವಿ. ವರದಾಚಾರ್ಯರ ಹಾಡುಗಾರಿಕೆ ಕೇಳಲೆಂದೇ ಜನ ನೆರೆಯುತ್ತಿದ್ದರು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ವೀರಣ್ಣನವರ ಕೈಯಲ್ಲಿ ನಾಡಿನ ಅತಿ ದೊಡ್ಡ ಮಂಡಳಿಯಾಗಿ ಬೆಳೆದು, 1934ರಲ್ಲಿ ಬೆಂಗಳೂರಿನಲ್ಲಿ ಆನೆ ಕುದುರೆಗಳನ್ನೇ ತಂದು ಕುರುಕ್ಷೇತ್ರ ಆಡಿತು. ಬೆಂಗಳೂರಿನಿಂದ ಹರಿಹರಕ್ಕೆ ಹೋಗುವ ರೈಲುದಾರಿಯಲ್ಲೇ ಕಡೂರು, ಬೀರೂರು, ಅಜ್ಜಂಪುರಗಳಿವೆ. 1899ರಲ್ಲಿ ತೆರೆದ ಬೀರೂರು–ಶಿವಮೊಗ್ಗ ಮಾರ್ಗದಲ್ಲಿ ತರೀಕೆರೆ ಇದೆ. ಪರದೆಯ ಸುರುಳಿಗಳನ್ನೂ ಡ್ರೆಸ್ಸಿನ ಪೆಟ್ಟಿಗೆಗಳನ್ನೂ ರೈಲಿನಲ್ಲೇ ಸಾಗಿಸುತ್ತಿದ್ದ ಆ ಕಾಲದಲ್ಲಿ ಇಂಥ ಊರುಗಳು ಹಾದಿಯ ಮೇಲಿದ್ದವು. ಸಿನಿಮಾ ಬಂದು ಕಂಪನಿಗಳು ಒಂದೊಂದಾಗಿ ಡೇರೆ ಮಡಚಿದಾಗ ಅಲ್ಲಿದ್ದ ಹಾರ್ಮೋನಿಯಂ ವಾದಕರು, ಸಣ್ಣಪುಟ್ಟ ಪಾರ್ಟಿನ ನಟರು ಹಳ್ಳಿಗಳಿಗೆ ಬಂದು ನಾಟಕ ಕಲಿಸತೊಡಗಿದರು. ಅವರ ಶಿಷ್ಯರು, ಆ ಶಿಷ್ಯರ ಶಿಷ್ಯರು ಇವತ್ತಿನ ಮೇಷ್ಟ್ರು.

ಮೇಷ್ಟ್ರ ಕೆಲಸ ಹೇಗೆ ಶುರುವಾಗುತ್ತದೆ? ಊರಿನವರು ಸೇರಿ ನಾಟಕ ಗೊತ್ತುಮಾಡುತ್ತಾರೆ. ಕುರುಕ್ಷೇತ್ರ ಬೇಡವೆಂದರೆ ರಾಜಸೂಯಯಾಗ, ದಕ್ಷಯಜ್ಞ, ಇಲ್ಲವೇ ಕಂದಗಲ್ಲ ಹನುಮಂತರಾಯರ ರಕ್ತರಾತ್ರಿ. ಪಾರ್ಟು ಹಂಚುವುದು ಸೂಕ್ಷ್ಮದ ಮಾತು. ಖರ್ಚನ್ನು ಪಾತ್ರಧಾರಿಗಳೇ ಹಂಚಿಕೊಳ್ಳುವುದರಿಂದ ದೊಡ್ಡ ಪಾರ್ಟಿಗೆ ದೊಡ್ಡ ಪಾಲು; ದುರ್ಯೋಧನ, ಕೃಷ್ಣ, ಭೀಮ, ಕರ್ಣರಿಗೆ ಪೈಪೋಟಿ. ಹಣ ಕೊಡಬಲ್ಲವರಿಗೆ ಕಂಠ ಇರಬೇಕಲ್ಲ? ಅದನ್ನು ತೀರ್ಮಾನಿಸುವವರು ಮೇಷ್ಟ್ರು. ಒಬ್ಬೊಬ್ಬರನ್ನೇ ಹತ್ತಿರ ಕೂರಿಸಿಕೊಂಡು ಹಾರ್ಮೋನಿಯಂನ ಒಂದು ಮನೆ ಒತ್ತಿ, ‘ಈ ಸ್ವರಕ್ಕೆ ಆ ಅನ್ನಿ’ ಎನ್ನುತ್ತಾರೆ. ಬಿಳಿ ಮನೆಯಿಂದ ಕಪ್ಪು ಮನೆಗೆ, ಮತ್ತೆ ಮೇಲಿನ ಬಿಳಿ ಮನೆಗೆ ಹತ್ತಿಸುತ್ತ, ಆ ಮನುಷ್ಯನ ದನಿ ಎಲ್ಲಿ ಒಡೆಯುತ್ತದೆ ಎಂದು ಕಿವಿಯಲ್ಲೇ ಅಳೆಯುತ್ತಾರೆ. ತಾರಕದಲ್ಲಿ ನಿಲ್ಲುವವನಿಗೆ ಕೃಷ್ಣ ಅಥವಾ ಅಭಿಮನ್ಯು, ಎದೆಯಿಂದ ದನಿ ತರುವವನಿಗೆ ಭೀಮ. ಹಾಡು ಹತ್ತದಿದ್ದರೂ ಮಾತು ಚುರುಕಾಗಿದ್ದರೆ ಶಕುನಿ. ಯಾರ ಮುಖವೂ ಮುರಿಯದಂತೆ ಇದನ್ನು ನಿಭಾಯಿಸುವುದೂ ಅವರ ವಿದ್ಯೆಯ ಒಂದು ಪಾಲು.

ಆಮೇಲೆ ಎರಡು ಮೂರು ತಿಂಗಳು ಪ್ರಾಕ್ಟೀಸು. ತೋಟದ ನೀರು, ಡೇರಿಗೆ ಹಾಲು, ಮನೆಯ ಊಟ ಎಲ್ಲ ಮುಗಿದ ಮೇಲೆ ರಾತ್ರಿ ಗುಡಿಯ ಅಂಗಳದಲ್ಲಿ ಸೇರುತ್ತಾರೆ. ಓದು ಬರಹ ಸರಿಯಾಗಿ ಬಾರದವರಿಗೆ ಮೇಷ್ಟ್ರು ಪದ್ಯವನ್ನು ಬಾಯಿಪಾಠ ಮಾಡಿಸುತ್ತಾರೆ. ಈ ಪದ್ಯಗಳಲ್ಲಿ ಹಲವು ಕಂದಗಳು. ಹನ್ನೆರಡು ಮಾತ್ರೆಯ ಸಾಲು, ಇಪ್ಪತ್ತು ಮಾತ್ರೆಯ ಸಾಲು, ಮತ್ತೆ ಹನ್ನೆರಡು, ಮತ್ತೆ ಇಪ್ಪತ್ತು. ಪಂಪ, ರನ್ನರು ಬಳಸಿದ ಛಂದಸ್ಸು ಇದು. ಕಾಲೇಜಿನಲ್ಲಿ ಪ್ರಸ್ತಾರ ಹಾಕಲು ತಿಣುಕುವ ಇದೇ ಕಂದವನ್ನು ಅಡಿಕೆ ಸುಲಿಯುವ ಕೈಯ ರೈತ ತಪ್ಪಿಲ್ಲದೆ ಹಾಡುತ್ತಾನೆ. ಇದನ್ನು ನಮ್ಮ ಕನ್ನಡ ಅಧ್ಯಾಪಕರು ಒಮ್ಮೆ ಬಂದು ಕೇಳಬೇಕು ಎಂಬುದು ನನ್ನ ಆಸೆ.

ಕಂದಕ್ಕೆ, ವೃತ್ತಕ್ಕೆ ತಾಳವಿಲ್ಲ. ರಾಗ ಹಿಡಿದು, ಅರ್ಥ ಕೆಡದಂತೆ ಪದ ಬಿಡಿಸಿ, ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ತಿಳಿದು ಹಾಡಬೇಕು. ಮೇಷ್ಟ್ರು ಮೊದಲು ಪದ್ಯವನ್ನು ಮಾತಿನಂತೆ ಹೇಳಿಸುತ್ತಾರೆ. ‘ಯಾರಿಗೆ ಹೇಳ್ತಾ ಇದೀರಿ ಗೌಡ್ರೇ? ಎದುರಿಗಿರೋದು ನಿಮ್ಮ ಅಜ್ಜ, ಭೀಷ್ಮ. ಸಿಟ್ಟಿರಲಿ, ಮರ್ಯಾದೆನೂ ಇರಲಿ.’ ಅರ್ಥ ಕೂತ ಮೇಲೆ ಒಂದು ಸಾಲಿನ ಅರ್ಧವನ್ನಷ್ಟೇ ಹಾಡಿ ತೋರಿಸುತ್ತಾರೆ. ಶಿಷ್ಯ ಒಪ್ಪಿಸುತ್ತಾನೆ. ಜಾರಿದ ಸ್ವರದ ಮೇಲೆ ಮೇಷ್ಟ್ರ ಬೆರಳು ನಿಂತುಬಿಡುತ್ತದೆ. ದನಿ ಬಂದು ಅದಕ್ಕೆ ಕೂಡುವವರೆಗೆ ಬೆರಳು ಏಳುವುದಿಲ್ಲ. ಬೈಗುಳವಿಲ್ಲ, ವಿವರಣೆಯಿಲ್ಲ. ಆ ಒಂದು ಸ್ವರ ಗುಡಿಯ ಅಂಗಳದಲ್ಲಿ ಹಾಗೇ ಮೊಳಗುತ್ತಿರುತ್ತದೆ, ಶಿಷ್ಯ ಕೆಳಗಿನಿಂದ ತಡಕಾಡುತ್ತ ಬಂದು ಮುಟ್ಟುತ್ತಾನೆ, ಸುತ್ತ ಕೂತವರೆಲ್ಲ ‘ಹಾಂ’ ಎನ್ನುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಅವರಿಗೆಲ್ಲ ಮೋಹನ, ಕಲ್ಯಾಣಿ, ಕಾಪಿ, ಭೀಮ್‌ಪಲಾಸ್ ಗೊತ್ತಾಗಿರುತ್ತವೆ. ಪುಸ್ತಕದ ಲಕ್ಷಣ ತಿಳಿಯದಿರಬಹುದು. ಯಾವುದು ರೋಷಕ್ಕೆ, ಯಾವುದು ಅಳಲಿಗೆ ಎಂಬುದು ತಿಳಿದಿರುತ್ತದೆ. ಕರ್ನಾಟಕ ಸಂಗೀತದ ರಾಗದ ಮಗ್ಗುಲಲ್ಲೇ ಹಿಂದುಸ್ತಾನಿ ರಾಗ ಕೂರುವುದು ಕಂಪನಿಯಿಂದ ಬಂದ ಬಳುವಳಿ. ಈ ಕೂಡಾಟವನ್ನು ಶಾಸ್ತ್ರದ ತಕ್ಕಡಿಯಲ್ಲಿ ತೂಗಿ ಕೀಳೆನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಕೇಳುವವರ ಎದೆಗೆ ಯಾವ ರಾಗ ಯಾವ ಗಳಿಗೆಯಲ್ಲಿ ತಾಗುತ್ತದೆ ಎಂಬುದು ಮೂರು ತಲೆಮಾರಿನ ರಾತ್ರಿಗಳಲ್ಲಿ ಪರೀಕ್ಷೆಯಾದ ತಿಳಿವಳಿಕೆ.

ಹಾರ್ಮೋನಿಯಂ ಎಂಬ ವಾದ್ಯದ ಮೇಲೂ ಇಂಥದೇ ತಿರಸ್ಕಾರವಿತ್ತು. ಪ್ಯಾರಿಸಿನಲ್ಲಿ ಅಲೆಕ್ಸಾಂದ್ರ್ ದೆಬೆಂ 1842ರಲ್ಲಿ ಹಕ್ಕುಪತ್ರ ಪಡೆದ ಈ ಪೆಟ್ಟಿಗೆಯನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷ್ 1875ರ ಸುಮಾರಿಗೆ ನೆಲದ ಮೇಲೆ ಕೂತು ಕೈಯಲ್ಲಿ ತಿದಿಯೊತ್ತಿ ನುಡಿಸುವಂತೆ ಮಾರ್ಪಡಿಸಿದರು. ಸ್ವರದಿಂದ ಸ್ವರಕ್ಕೆ ಜಾರಲು ಬಾರದ ಇದು ನಮ್ಮ ಸಂಗೀತಕ್ಕೆ ಸಲ್ಲದು ಎಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. 1971ರವರೆಗೂ ಆ ನಿರ್ಬಂಧ ಇತ್ತು. ರೇಡಿಯೊಗೆ ಬೇಡವಾದ ಅಷ್ಟೂ ವರ್ಷ ನಾಟಕದವರು ಅದನ್ನು ಕೈಬಿಡಲಿಲ್ಲ. ಗಮಕ ಬೇಕಾದಲ್ಲಿ ಮೇಷ್ಟ್ರು ತಮ್ಮ ಕಂಠದಿಂದಲೇ ಹಾಡಿ ತೋರಿಸುತ್ತಾರೆ, ಪೆಟ್ಟಿಗೆ ಆಧಾರ ಕೊಡುತ್ತದೆ. ಮೈಕಿಲ್ಲದ ಕಾಲದಲ್ಲಿ ಸಾವಿರ ಜನರ ಬಯಲಿಗೆ ಕೇಳಿಸುವ ಶ್ರುತಿ ಬೇರೆ ಯಾವ ವಾದ್ಯದಿಂದ ಸಿಗುತ್ತಿತ್ತು?

ನಾಟಕದ ದಿನ ಬೆಳಗ್ಗೆಯೇ ಡ್ರಾಮಾ ಸೀನ್ಸಿನವರ ಲಾರಿ ಬರುತ್ತದೆ. ಸಂಜೆಯೊಳಗೆ ಸ್ಟೇಜು ಎದ್ದು ದರ್ಬಾರು, ಕಾಡು, ರಸ್ತೆಯ ಪರದೆಗಳು ಸಾಲಾಗಿ ತೂಗುತ್ತವೆ. ಸ್ಟೇಜಿನ ಮುಂದೆ, ಜನರಿಗೆ ಬೆನ್ನು ಮಾಡಿ, ಮೇಷ್ಟ್ರು ಕೂರುತ್ತಾರೆ, ಪಕ್ಕದಲ್ಲಿ ತಬಲ. ಪ್ರಾರ್ಥನೆ ಮುಗಿದರೆ ಅವರು ಮೇಲೇಳುವುದು ಬೆಳಗ್ಗೆಯೇ. ನುಡಿಸುವುದರ ಜೊತೆಗೆ ಮರೆತ ಪದ್ಯದ ಮೊದಲ ಪದ ಎತ್ತಿಕೊಡುತ್ತಾರೆ, ಮಾತು ಉದ್ದವಾದರೆ ಒಂದು ಸ್ವರ ಒತ್ತಿ ಎಚ್ಚರಿಸುತ್ತಾರೆ, ಪ್ರವೇಶ ತಡವಾದರೆ ರಾಗವನ್ನೇ ಲಂಬಿಸಿ ಹೊತ್ತು ತುಂಬುತ್ತಾರೆ. ನಿದ್ರೆಗಣ್ಣಿನ ಕೃಷ್ಣನ ತಲೆದೆಸೆಯಲ್ಲಿ ದುರ್ಯೋಧನ, ಕಾಲ ಬಳಿ ಅರ್ಜುನ ಕೂತ ದೃಶ್ಯ ಬಂತೆಂದರೆ ಜನ ನೆಟ್ಟಗೆ ಕೂರುತ್ತಾರೆ. ಮೂವರ ನಡುವೆ ಪದ್ಯಕ್ಕೆ ಪದ್ಯ ಎದುರಾಗುವ ಜಾಗ ಅದು. ‘ಒನ್ಸ್ ಮೋರ್’ ಕೂಗು ಏಳುತ್ತದೆ. ನೆಂಟರು, ಗೆಳೆಯರು ಸ್ಟೇಜು ಹತ್ತಿ ಹಾರ ಹಾಕಿ ನೋಟು ಪಿನ್ನು ಮಾಡುತ್ತಾರೆ. ಈ ಹಾರಗಳ ಗದ್ದಲ ನಾಟಕದ ಓಟವನ್ನು ಕೆಡಿಸುತ್ತದೆ ಎಂಬ ದೂರು ಹಳೆಯದು, ನಿಜವಾದದ್ದೂ ಹೌದು. ಆದರೆ ವರ್ಷವಿಡೀ ಮಣ್ಣಲ್ಲಿ ದುಡಿದ ತಮ್ಮವನು ಕಿರೀಟ ತೊಟ್ಟು ಹಾಡುವಾಗ ಆ ಮನೆಯವರಿಗೆ ಆಗುವ ಹಿಗ್ಗನ್ನು ತಡೆಯಿರಿ ಎಂದು ಹೇಳಲು ನನಗೆ ಬಾಯಿ ಬಾರದು. ಬೆಳಗಿನ ಜಾವಕ್ಕೆ ಕುಂತಿ ಕರ್ಣನನ್ನು ಕಾಣಲು ಬರುವ ಹೊತ್ತಿಗೆ ಗದ್ದಲ ತಾನಾಗಿ ಇಳಿದಿರುತ್ತದೆ. ಆಗ ಉಳಿದು ಕೂತವರು ಸಂಗೀತಕ್ಕೆಂದೇ ಬಂದವರು.

ದ್ರೌಪದಿ, ಕುಂತಿ, ಉತ್ತರೆಯರ ಪಾತ್ರಕ್ಕೆ ವೃತ್ತಿ ಕಲಾವಿದೆಯರನ್ನು ಹೊರಗಿನಿಂದ ಕರೆಸುತ್ತಾರೆ. ಒಂದು ದಿನದ ತಾಲೀಮೂ ಇಲ್ಲದೆ, ಪರಿಚಯವಿಲ್ಲದ ಹತ್ತಾರು ಗಂಡಸರ ನಡುವೆ ನಿಂತು, ಮೇಷ್ಟ್ರು ಕೊಟ್ಟ ಶ್ರುತಿಗೆ ಆ ಕ್ಷಣವೇ ಹೊಂದಿಕೊಂಡು ಹಾಡುವ ಈ ಹೆಣ್ಣುಮಕ್ಕಳು ರಾತ್ರಿಯ ಅತಿ ನುರಿತ ಕಲಾವಿದರು. ಎದುರಿನವನು ಪದ್ಯ ಮರೆತರೆ ದೃಶ್ಯವನ್ನು ಎತ್ತಿ ನಿಲ್ಲಿಸುವವರು ಅವರೇ. ಪೋಸ್ಟರಿನಲ್ಲಿ ಅವರಿಗೆ ಸಿಗುವ ಜಾಗ ಇದಕ್ಕೆ ತಕ್ಕುದಾಗಿಲ್ಲ. ಹಾಗೆಯೇ ಊರಿನ ಹೆಣ್ಣುಮಕ್ಕಳು ಪ್ರಾಕ್ಟೀಸಿನ ಅಂಗಳದಲ್ಲಿ ಇನ್ನೂ ಕೇಳುಗರಾಗಿಯೇ ಉಳಿದಿರುವುದು ಬದಲಾಗಬೇಕು.

ಇದೇ ಸೀಮೆಯ ಮಗ್ಗುಲಲ್ಲಿ ಇನ್ನೊಂದು ದಾರಿಯೂ ತೆರೆದಿದೆ. ಮೊನ್ನೆಮೊನ್ನೆಯವರೆಗೆ ತರೀಕೆರೆಗೆ ಸೇರಿದ್ದ ಅಜ್ಜಂಪುರ ಈಗ ತಾನೇ ತಾಲ್ಲೂಕು. ಅದರ ಗಡಿ ದಾಟಿದರೆ ಹೊಸದುರ್ಗ ತಾಲ್ಲೂಕು, ಅಲ್ಲಿ ಸಾಣೇಹಳ್ಳಿ. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ ತಾವೇ ‘ಮರಣವೇ ಮಹಾನವಮಿ’ಯಂಥ ನಾಟಕ ಬರೆದು ಆಡಿಸಿದವರು. ಅವರ ಹೆಸರಿನಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1987ರಲ್ಲಿ ಸಾಣೇಹಳ್ಳಿಯಲ್ಲಿ ಕಲಾಸಂಘ ಕಟ್ಟಿದರು. 1997ರಲ್ಲಿ ‘ಶಿವಸಂಚಾರ’ ತಿರುಗಾಟ ಶುರುವಾಯಿತು. ವರ್ಷಕ್ಕೆ ಮೂರು ನಾಟಕ ಕಲಿತು ನಾಡೆಲ್ಲ ಸುತ್ತುವ ತಂಡ ಅದು. ಸಿ.ಜಿ. ಕೃಷ್ಣಸ್ವಾಮಿಯವರ ಒಡನಾಟದಲ್ಲಿ ರೂಪುಗೊಂಡ ಅಲ್ಲಿನ ಬಯಲು ರಂಗಮಂದಿರದಲ್ಲಿ ಸಾವಿರಾರು ಹಳ್ಳಿಗರು ಮೆಟ್ಟಿಲುಗಳ ಮೇಲೆ ಕೂತು ಆಧುನಿಕ ನಾಟಕ ನೋಡುತ್ತಾರೆ, ವಚನಗೀತೆಗಳನ್ನು ಕೇಳುತ್ತಾರೆ. ಅಲ್ಲಿಯ ಹಾಡುಗಳಿಗೂ ಕಂಪನಿಯ ಹಾಡಿಗೂ ನಂಟಿದೆ. ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿದ ಬಿ.ವಿ. ಕಾರಂತರು ಮುಂದೆ ‘ಹಯವದನ’, ‘ಸತ್ತವರ ನೆರಳು’ ನಾಟಕಗಳಿಗೆ ಹಾಡು ಕಟ್ಟಿದಾಗ ಆ ಹಳೆಯ ರಂಗಸಂಗೀತಕ್ಕೆ ಹೊಸ ಹುಟ್ಟು ಸಿಕ್ಕಿತು. ನಂತರದ ಕನ್ನಡ ರಂಗಭೂಮಿ ಹಾಡನ್ನು ಬಿಟ್ಟಿದ್ದೇ ಇಲ್ಲ.

ಸಾಣೇಹಳ್ಳಿಗೆ ಸಂಸ್ಥೆಯಿದೆ, ರಂಗಶಾಲೆಯಿದೆ. ಹಳ್ಳಿಯ ಮೇಷ್ಟ್ರಿಗೆ ಅವರ ನೋಟ್ ಪುಸ್ತಕ ಬಿಟ್ಟರೆ ಏನೂ ಇಲ್ಲ. ಅದರಲ್ಲಿ ಪದ್ಯ ಇರುತ್ತದೆ, ಪಕ್ಕದಲ್ಲಿ ರಾಗದ ಹೆಸರು ಇರುತ್ತದೆ, ಮಟ್ಟು ಇರುವುದಿಲ್ಲ. ಅದು ಅವರ ಗಂಟಲಲ್ಲಿದೆ. ಕೀಬೋರ್ಡು, ರಿದಂ ಪ್ಯಾಡು ಬಂದು ಸಿನಿಮಾ ಹಾಡಿನ ಧಾಟಿಗಳು ಪದ್ಯದೊಳಕ್ಕೆ ನುಗ್ಗುತ್ತಿರುವಾಗ ಹಳೆಯ ಮಟ್ಟುಗಳು ವಯಸ್ಸಾದ ಮೇಷ್ಟ್ರ ಜೊತೆಯಲ್ಲೇ ಹೋಗುತ್ತಿವೆ. ನಾಟಕ ಅಕಾಡೆಮಿಯೋ, ಹತ್ತಿರದ ವಿಶ್ವವಿದ್ಯಾಲಯವೋ ಮನಸ್ಸು ಮಾಡಿದರೆ ಒಂದು ಬೇಸಿಗೆಯಲ್ಲಿ ಮೂರು ತಾಲ್ಲೂಕಿನ ಮೇಷ್ಟ್ರುಗಳನ್ನು ಕೂರಿಸಿ, ಒಂದೇ ಪದ್ಯವನ್ನು ಒಬ್ಬೊಬ್ಬರೂ ಹಾಡುವ ಬಗೆಯನ್ನು ಧ್ವನಿಮುದ್ರಿಸಿ, ಸ್ವರಲಿಪಿ ಮಾಡಿಸಬಹುದು. ಅಲ್ಲಿಯವರೆಗೆ ಕಾಯಬೇಕಿಲ್ಲ. ಮೊಬೈಲು ಎಲ್ಲರ ಕೈಯಲ್ಲಿದೆ. ನಾಟಕದ ರಾತ್ರಿಯನ್ನು ಚಿತ್ರೀಕರಿಸುವ ಹುಡುಗರು ಪ್ರಾಕ್ಟೀಸಿನ ರಾತ್ರಿಗಳನ್ನೂ ಮುದ್ರಿಸಿಕೊಂಡರೆ ಮೇಷ್ಟ್ರು ಬಿಡಿಸಿ ಬಿಡಿಸಿ ಕಲಿಸಿದ ಪಾಠವೇ ಉಳಿಯುತ್ತದೆ.

ನೋಡಲು ಹೋಗುವವರಿಗೆ ಎರಡು ಮಾತು. ಸಾಣೇಹಳ್ಳಿಯ ನಾಟಕೋತ್ಸವ ನವೆಂಬರಿನಲ್ಲಿ. ಹಳ್ಳಿಯ ನಾಟಕಗಳಿಗೆ ಮಳೆ ಹಿಡಿಯುವವರೆಗೂ ಕಾಲ. ಊರಹಬ್ಬ, ಜಾತ್ರೆಗಳ ಸುತ್ತಮುತ್ತ ಹೆಚ್ಚು. ಪ್ರಾರ್ಥನೆಗೆ ಮುಂಚೆಯೇ ಹೋಗಿ, ಹೊದೆಯಲು ಒಂದು ಶಾಲು ಇರಲಿ. ಸಾಧ್ಯವಾದರೆ ಅದಕ್ಕೂ ಒಂದು ವಾರ ಮೊದಲು ಪ್ರಾಕ್ಟೀಸಿಗೆ ಹೋಗಿ ಕೂರಿ. ಯಾರೂ ಬೇಡ ಅನ್ನುವುದಿಲ್ಲ.