ಮಗುವಿನ ಮಾತು ತಡವಾದರೆ ತಪ್ಪು ಬ್ಯಾರಿಯದಲ್ಲ

ನಮ್ಮ ಎರಡನೇ ಮಗನಿಗೆ ಎರಡೂವರೆ ವರ್ಷ ತುಂಬಿದಾಗ ಅವನ ಬಾಯಲ್ಲಿ ಇದ್ದದ್ದು ಆರೋ ಏಳೋ ಶಬ್ದ. ‘ಉಮ್ಮ’, ‘ತನ್ನಿ’, ‘ಬಾ’, ‘ಮೀನ್’... ಬಾಕಿ ಏನು ಬೇಕಾದರೂ ನಮ್ಮ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸುತ್ತಿದ್ದ. ಮನೆಗೆ ಬಂದವರದ್ದೆಲ್ಲ ಒಂದೊಂದು ಸಲಹೆ. “ಗಂಡು ಮಕ್ಕಳು ಹಾಗೆಯೇ, ತಡವಾಗಿ ಮಾತಾಡ್ತಾರೆ” ಎಂದರು ಕೆಲವರು. “ನಾಲಗೆಗೆ ಬಜೆ ತೇಯ್ದು ಹಚ್ಚಿ” ಎಂದರು ಇನ್ನು ಕೆಲವರು. ಸೇರಿಸಲು ಹೋದ ಪ್ಲೇ ಸ್ಕೂಲಿನಲ್ಲಿ ಬೇರೆಯೇ ಕಾರಣ ಹೇಳಿದರು. “ಮನೆಯಲ್ಲಿ ಬ್ಯಾರಿ, ಹೊರಗೆ ತುಳು, ಟಿವಿಯಲ್ಲಿ ಕನ್ನಡ. ಮಗು ಗೊಂದಲದಲ್ಲಿ ಬಿದ್ದಿದೆ. ಇವತ್ತಿನಿಂದ ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ.”

ನಾವು ಆ ಮಾತು ನಂಬಿದೆವು. ಆರು ತಿಂಗಳು ಮನೆಯಲ್ಲಿ ಇಂಗ್ಲಿಷ್ ನಡೆಯಿತು. ನಮಗೆ ಬರುವ ಇಂಗ್ಲಿಷ್ ಎಂದರೆ ‘ಕಮ್’, ‘ಸಿಟ್’, ‘ಈಟ್’, ‘ಡೋಂಟ್ ಟಚ್’. ಅಷ್ಟರಲ್ಲಿ ಮಾತು ಮುಗಿಯುತ್ತಿತ್ತು. ಬ್ಯಾರಿ, ತುಳು ಬಿಟ್ಟು ಬೇರೆ ಗೊತ್ತಿಲ್ಲದ ಅವನ ಅಜ್ಜಿ, ತನ್ನಿಂದ ಮೊಮ್ಮಗ ಹಾಳಾಗುವುದು ಬೇಡ ಎಂದು ಊಟ ಮಾಡಿಸುವಾಗಲೂ ಬಾಯಿ ಮುಚ್ಚಿಕೊಂಡರು. ಮಗುವಿಗೆ ಇಂಗ್ಲಿಷ್ ಬರಲಿಲ್ಲ, ಇದ್ದ ಬ್ಯಾರಿಯೂ ಮುಂದೆ ಹೋಗಲಿಲ್ಲ.

ಒಂದು ದಿನ ಪಕ್ಕದ ಮನೆಯ ಅಂಗನವಾಡಿ ಟೀಚರ್ ಕೇಳಿದರು, “ಹಿಂದಿನಿಂದ ಮೆಲ್ಲ ಕರೆದರೆ ತಿರುಗಿ ನೋಡ್ತಾನಾ?” ಅದನ್ನು ನಾವು ಯಾವತ್ತೂ ಗಮನಿಸಿರಲಿಲ್ಲ. ಕರೆದು ನೋಡಿದೆವು. ತಿರುಗಲಿಲ್ಲ. ಕಿವಿ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ಪದೇ ಪದೇ ಶೀತ ಆಗಿ ಎರಡೂ ಕಿವಿಯ ತಮಟೆಯ ಹಿಂದೆ ನೀರು ನಿಂತಿದೆ. ಅವನಿಗೆ ನಮ್ಮ ಮಾತು ಗೋಡೆಯ ಆಚೆಯಿಂದ ಬಂದ ಹಾಗೆ ಕೇಳುತ್ತಿತ್ತು. ಅದಕ್ಕೆ ಚಿಕಿತ್ಸೆ ಆಯಿತು. ಆಮೇಲೆ ಸ್ಪೀಚ್ ಥೆರಪಿಸ್ಟ್ ನಮ್ಮಲ್ಲಿ ಕೇಳಿದ ಮೊದಲ ಪ್ರಶ್ನೆ: “ನೀವು ಮನೆಯಲ್ಲಿ ನಗುವುದು, ಜಗಳ ಆಡುವುದು ಯಾವ ಭಾಷೆಯಲ್ಲಿ?” ಬ್ಯಾರಿಯಲ್ಲಿ ಎಂದೆವು. “ಹಾಗಾದರೆ ಮಗುವಿನ ಹತ್ತಿರವೂ ಅದರಲ್ಲೇ ಮಾತಾಡಿ” ಎಂದರು.

ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ

ನಮ್ಮ ಕಡೆಯ ಮಕ್ಕಳು ಬ್ಯಾರಿ, ತುಳು, ಕನ್ನಡ ಒಟ್ಟಿಗೇ ಕೇಳಿ ಬೆಳೆಯುತ್ತಾರೆ. ಇದರಿಂದ ಮಾತು ತಡವಾಗುತ್ತದೆ ಎಂಬುದು ತಪ್ಪು ತಿಳುವಳಿಕೆ. ಮಗು ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸಿದರೂ ಗಾಬರಿ ಬೇಡ, ಅದು ಕಲಿಯುವ ರೀತಿ. ಶಬ್ದ ಲೆಕ್ಕ ಹಾಕುವಾಗ ಎಲ್ಲ ಭಾಷೆಯ ಶಬ್ದಗಳನ್ನೂ ಸೇರಿಸಬೇಕು. ಮಗು ಅಜ್ಜಿಯ ಹತ್ತಿರ ‘ತನ್ನಿ’ ಎಂದು, ಟೀಚರ್ ಹತ್ತಿರ ‘ನೀರು’ ಎಂದರೆ ಅದು ಎರಡು ಶಬ್ದ.

ಮಗುವಿಗೆ ಬೇಕಾದದ್ದು ತುಂಬಿದ ಮಾತು. ಪ್ರಶ್ನೆ, ಉತ್ತರ, ಕಥೆ, ತಮಾಷೆ, ಮುದ್ದು ಎಲ್ಲ ಇರುವ ಮಾತು. ಅದು ನಮಗೆ ಸಲೀಸಾಗಿ ಬರುವುದು ಮನೆಯ ಭಾಷೆಯಲ್ಲಿ. ಅದರಲ್ಲಿ ಬುನಾದಿ ಗಟ್ಟಿಯಾದರೆ ಶಾಲೆಯ ಕನ್ನಡಕ್ಕೂ ಇಂಗ್ಲಿಷಿಗೂ ಅದೇ ಆಧಾರ. ಬ್ಯಾರಿ ಸಾಹಿತ್ಯ ಅಕಾಡೆಮಿ ಆಗಿದ್ದು 2007ರಲ್ಲಿ. ಆದರೂ ಎಷ್ಟೋ ಮನೆಗಳಲ್ಲಿ ಮಗುವಿನ ಜೊತೆ ಬ್ಯಾರಿ ಮಾತಾಡಲು ಇನ್ನೂ ಒಂದು ನಾಚಿಕೆ ಉಂಟು. ಆ ನಾಚಿಕೆಗೆ ಬೆಲೆ ಕೊಡುವುದು ಮಗು.

ಅಡುಗೆ ಕೋಣೆಯೇ ಸಾಕು

ಇದಕ್ಕೆ ದುಬಾರಿ ಆಟಿಕೆ ಬೇಡ, ಬೇರೆ ಸಮಯವೂ ಬೇಡ. ನಮಗೆ ಹೇಳಿಕೊಟ್ಟದ್ದನ್ನು, ನಾವು ಮಾಡಿ ನೋಡಿದ್ದನ್ನು ಇಲ್ಲಿ ಹೇಳುತ್ತೇವೆ.

ಮೀನು ತಂದ ದಿನ ಮಗುವನ್ನು ಹತ್ತಿರ ಕೂರಿಸಿಕೊಳ್ಳಿ. ಇದು ಬಂಗುಡೆ, ಇದು ಬೂತಾಯಿ, ಇದು ದೊಡ್ಡದು, ಇದು ಸಣ್ಣದು, ಬೆಕ್ಕು ಬಂತು, ಓಡಿಸು. ಕೈ ಕೆಲಸ ಮಾಡಲಿ, ಬಾಯಿ ಹೇಳುತ್ತಾ ಇರಲಿ. ಪತ್ತಿರ್ ಮಾಡುವಾಗ ಒಂದು ಸಣ್ಣ ಉಂಡೆ ಮಗುವಿನ ಕೈಗೆ ಕೊಟ್ಟು ‘ಒತ್ತು’, ‘ತಟ್ಟು’, ‘ಬಿಸಿ’ ಎಂದರೆ ಆ ಶಬ್ದ ಕೈಗೂ ಗೊತ್ತಾಗುತ್ತದೆ. ಸ್ನಾನ ಮಾಡಿಸುವಾಗ, ಬಟ್ಟೆ ಹಾಕುವಾಗ ದಿನವೂ ಅದೇ ಮಾತು ಮರಳಿ ಬರುತ್ತದೆ. ಊಟಕ್ಕೆ ಮೊದಲು ಬಿಸ್ಮಿ, ಬಂದವರಿಗೆ ಸಲಾಂ ಕೂಡ ಹಾಗೆಯೇ. ಮರಳಿ ಮರಳಿ ಕೇಳಿದ್ದೇ ಮೊದಲು ಬಾಯಿಗೆ ಬರುವುದು.

ಮಾತಾಡುವಾಗ ಮಗುವಿನ ಎತ್ತರಕ್ಕೆ ಕುಳಿತುಕೊಳ್ಳಿ, ನಿಮ್ಮ ಮುಖ ಕಾಣಲಿ. ಅದು ನೋಡುತ್ತಿರುವ ವಸ್ತುವಿನ ಬಗ್ಗೆಯೇ ಹೇಳಿ. ಅದು ‘ಮೀನ್’ ಎಂದರೆ ನೀವು ಅದಕ್ಕೆ ಒಂದೆರಡು ಶಬ್ದ ಸೇರಿಸಿ, ‘ದೊಡ್ಡ ಮೀನು’, ‘ಅಜ್ಜ ತಂದ ಮೀನು’ ಎಂದು ಬ್ಯಾರಿಯಲ್ಲಿ ತಿರುಗಿ ಹೇಳಿ. ಶಬ್ದ ತಪ್ಪಾದರೆ ‘ಸರಿಯಾಗಿ ಹೇಳು’ ಎಂದು ಗದರಬೇಡಿ, ನೀವೇ ಸರಿಯಾಗಿ ಒಮ್ಮೆ ಹೇಳಿದರೆ ಸಾಕು. ಬಂದವರ ಮುಂದೆ ನಿಲ್ಲಿಸಿ ‘ಇದೇನು? ಅದೇನು?’ ಎಂದು ಪರೀಕ್ಷೆ ಮಾಡುವುದೂ ಬೇಡ.

ಎಲ್ಲಕ್ಕಿಂತ ನಮಗೆ ಕಷ್ಟವಾದದ್ದು ಕಾಯುವುದು. ಏನಾದರೂ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಬೇಕು. ತುಂಬಿದ ಮನೆಯಲ್ಲಿ ಮಗು ಬಾಯಿ ತೆರೆಯುವ ಮೊದಲೇ ಅಕ್ಕ ಉತ್ತರ ಕೊಟ್ಟಾಗಿರುತ್ತದೆ, ಬೆರಳು ತೋರಿಸುವ ಮೊದಲೇ ಬಿಸ್ಕತ್ತು ಕೈಗೆ ಬಂದಿರುತ್ತದೆ. ಕೇಳುವ ಅಗತ್ಯವೇ ಇಲ್ಲದಿದ್ದರೆ ಮಗು ಯಾಕೆ ಕೇಳಬೇಕು? ‘ಬಾಳೆಹಣ್ಣು ಬೇಕಾ, ಬಿಸ್ಕತ್ತು ಬೇಕಾ?’ ಎಂದು ಎರಡೂ ತೋರಿಸಿ, ಕಾಯಿರಿ.

ಮೊಬೈಲ್ ಮತ್ತು ಗಲ್ಫಿನ ಉಪ್ಪ

ಊಟ ಮಾಡಿಸಲು ಮೊಬೈಲ್ ಕೊಡದ ಮನೆ ಇಂದು ಕಡಿಮೆ. ನಾವೂ ಕೊಟ್ಟವರೇ. ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆ ದಾಟುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಕಾರ್ಟೂನ್ ಎಷ್ಟೇ ಮಾತಾಡಿದರೂ ಮಗು ಹೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ಮಾತು ಬರುವುದು ಕೊಟ್ಟು ತೆಗೆದುಕೊಳ್ಳುವುದರಿಂದ.

ವಿಡಿಯೋ ಕಾಲ್ ಬೇರೆ ಸಂಗತಿ, ಅಲ್ಲಿ ಉತ್ತರ ಕೊಡುವ ಮನುಷ್ಯ ಇದ್ದಾನೆ. ದುಬೈಯಲ್ಲೋ ಜುಬೈಲ್‌ನಲ್ಲೋ ಇರುವ ಉಪ್ಪ ‘ಏನು ತಿಂದೆ? ಸಲಾಂ ಹೇಳು’ ಎಂದಷ್ಟೇ ಕೇಳಿದರೆ ಮಗು ಎದ್ದು ಓಡುತ್ತದೆ. ತನ್ನ ಚಪ್ಪಲಿ ತೋರಿಸಲಿ, ಲೋಟ ಮುಖಕ್ಕೆ ಅಡ್ಡ ಹಿಡಿದು ಅಡಗುವ ಆಟ ಆಡಲಿ, ದಿನವೂ ಅದೇ ಸಣ್ಣ ಕಥೆ ಹೇಳಲಿ. ಐದು ನಿಮಿಷ ಸಾಕು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಮ್ಮನೂ ಆಟದಲ್ಲಿ ಸೇರಿದರೆ ಮತ್ತೂ ಒಳ್ಳೆಯದು.

ಯಾವಾಗ ತೋರಿಸಬೇಕು?

ಎಲ್ಲ ಮಕ್ಕಳೂ ಒಂದೇ ದಿನ ಮಾತಾಡುವುದಿಲ್ಲ, ನಿಜ. ಆದರೆ ಕಾಯುವುದಕ್ಕೂ ಮಿತಿ ಉಂಟು. ಒಂದು ವರ್ಷಕ್ಕೆ ಹೆಸರು ಕರೆದರೆ ತಿರುಗಬೇಕು, ‘ಬಬ್ಬಬ್ಬ’, ‘ದದ್ದದ್ದ’ ಎಂದು ತೊದಲಬೇಕು, ಕೈ ಬೀಸಿಯೋ ಬೆರಳು ತೋರಿಸಿಯೋ ತನಗೆ ಬೇಕಾದ್ದನ್ನು ತಿಳಿಸಬೇಕು. ಒಂದೂವರೆ ವರ್ಷಕ್ಕೆ ಕೆಲವು ಶಬ್ದಗಳಾದರೂ ಇರಬೇಕು. ಎರಡು ವರ್ಷಕ್ಕೆ ‘ಉಮ್ಮ ಬಾ’ ಎಂಬಂತೆ ಎರಡು ಶಬ್ದ ಜೋಡಿಸಬೇಕು. ಮೂರು ವರ್ಷಕ್ಕೆ ಹೊರಗಿನವರಿಗೂ ಅದರ ಮಾತು ಹೆಚ್ಚುಕಡಿಮೆ ಅರ್ಥವಾಗಬೇಕು. ಇದು ಆಗದಿದ್ದರೆ ತೋರಿಸಿ. ಬಂದ ಮಾತು ಮತ್ತೆ ನಿಂತುಹೋದರೆ, ಮಗು ಮುಖ ನೋಡದಿದ್ದರೆ, ಯಾವ ವಯಸ್ಸಿನಲ್ಲೇ ಆಗಲಿ ತಡ ಮಾಡಬೇಡಿ.

ಮೊದಲು ಮಾಡಿಸಬೇಕಾದದ್ದು ಕಿವಿ ಪರೀಕ್ಷೆ. ಓಎಇ ಎಂಬ ಪರೀಕ್ಷೆಯಲ್ಲಿ ಕಿವಿಗೆ ಸಣ್ಣ ಬಿರಡೆಯಂಥದ್ದು ಇಟ್ಟು ನೋಡುತ್ತಾರೆ. ನೋವಿಲ್ಲ, ಮಗು ಉತ್ತರ ಹೇಳಬೇಕೆಂದೂ ಇಲ್ಲ. ಹುಟ್ಟಿದ ಮಗುವಿಗೂ ಇದನ್ನು ಮಾಡಬಹುದು. ಸರಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳನ್ನು ವೈದ್ಯರ ತಂಡ ಬಂದು ನೋಡುತ್ತದೆ. ಶ್ರವಣ ದೋಷ, ಮಾತಿನ ತಡ ಕೂಡ ಅದರ ಪಟ್ಟಿಯಲ್ಲಿವೆ. ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿಯಲ್ಲೋ ಕೇಳಿ. ಮಂಗಳೂರಿನಲ್ಲಿ ವಾಕ್ ಶ್ರವಣ ಕಲಿಸುವ ಕಾಲೇಜುಗಳೇ ಇವೆ, ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿಗೆ ಹೋದ ಮಾತ್ರಕ್ಕೆ ಮಗುವಿಗೆ ಹೆಸರು ಬೀಳುವುದಿಲ್ಲ. ‘ನಾಳೆ ಮದುವೆಗೆ ತೊಂದರೆ ಆದೀತು’ ಎಂದು ಹೆಣ್ಣು ಮಕ್ಕಳನ್ನು ತೋರಿಸದೆ ಇಡುವುದು ಇನ್ನೂ ಕೇಳಿಬರುತ್ತದೆ. ಮಗುವಿಗೆ ನಿಜವಾದ ತೊಂದರೆ ಆಗುವುದು ಹಾಗೆ ಕಳೆದ ವರ್ಷಗಳಿಂದ.

ನಮ್ಮ ಮಗ ಈಗ ಎರಡನೇ ಕ್ಲಾಸು. ಶಾಲೆಯಲ್ಲಿ ಇಂಗ್ಲಿಷ್, ಅಂಗಡಿಯಲ್ಲಿ ತುಳು, ಅಜ್ಜಿಯ ಹತ್ತಿರ ಬ್ಯಾರಿ. ರಾತ್ರಿ ಅಜ್ಜಿಯ ಕಥೆ ಮುಗಿದರೂ ಅವನ ಪ್ರಶ್ನೆ ಮುಗಿಯುವುದಿಲ್ಲ. ಆದರೂ ಅಜ್ಜಿ ಬಾಯಿ ಮುಚ್ಚಿಕೊಂಡ ಆ ಆರು ತಿಂಗಳು ನೆನಪಾದರೆ ನಮಗೆ ಈಗಲೂ ಸಂಕಟವಾಗುತ್ತದೆ. ನಿಮ್ಮ ಮನೆಯಲ್ಲಿ ಸಣ್ಣ ಮಗು ಇದ್ದರೆ ಇವತ್ತು ಸಂಜೆ ಟಿವಿ ನಿಲ್ಲಿಸಿ, ಹಿಂದೆ ನಿಂತು ಮೆಲ್ಲ ಹೆಸರು ಕರೆದು ನೋಡಿ. ತಿರುಗಿ ನೋಡಿದರೆ ಅಜ್ಜಿಯ ಹತ್ತಿರ ಕಥೆಗೆ ಕೂರಿಸಿ. ಎರಡು ಮೂರು ಸಲ ಕರೆದರೂ ತಿರುಗದಿದ್ದರೆ ಈ ವಾರವೇ ಕಿವಿ ತೋರಿಸಿ.